ಕಾನೂನು, ಸರಕಾರ ಮತ್ತು ನಾವು



ಬಲವುಳ್ಳವರಿಗೆ ಕಾನೂನಿಲ್ಲದೆಯೂ ನಡೆದೀತು; ಸಂಖ್ಯೆಯಲ್ಲಿ ಕಡಿಮೆಯಿರುವವರಿಗೆ ಅದೇ ಆಸರೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಮನೆಮಾತು ಕನ್ನಡವಾಗಿಯೇ ಉಳಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸಂವಿಧಾನಕ್ಕೆ ಬಂದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ವಿಧಿಸಿತು. ಅನ್ಯರ ಔದಾರ್ಯವನ್ನು ಅವಲಂಬಿಸಬೇಕಾಗಿದ್ದ ವಿಷಯವು ಹೀಗೆ ರಾಜ್ಯದ ಹೊಣೆಯಾಯಿತು.

ಆದರೆ ವಿಧಿಯು ತಾನಾಗಿ ತರಗತಿಗೆ ನಡೆದು ಬರುವುದಿಲ್ಲ. ಅಧ್ಯಾಪಕರ ನೇಮಕವಾಗಬೇಕು, ಪಠ್ಯಪುಸ್ತಕ ಅಚ್ಚಾಗಬೇಕು. ಅದಕ್ಕೆ ಸರಕಾರ ಬೇಕು. ಆ ಪುಸ್ತಕವನ್ನು ತೆರೆಯಲು ಮಕ್ಕಳಿರಬೇಕು. ಅದಕ್ಕೆ ನಾವು ಬೇಕು. ನಮ್ಮ ಮಕ್ಕಳನ್ನು ನಾವೇ ಕನ್ನಡ ಶಾಲೆಗೆ ಕಳುಹಿಸದಿದ್ದರೆ, ಯಾವ ಕಾನೂನೂ ಈ ಬಾಗಿಲನ್ನು ತೆರೆದಿಡಲಾರದು.