ತುರಿಕೆಗೆ ನಾಚಿಕೆ ಬೇಡ

(ಸಂಘದ ಆರೋಗ್ಯ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ದುಬೈಯ ದೇರಾದಲ್ಲಿ ನಾವು ಆರು ಮಂದಿ ಒಂದು ರೂಮಿನವರು. ಲೆಕ್ಕ ಬರೆಯುವವರು, ಡ್ರೈವರ್, ಅಂಗಡಿಯವರು ಇದ್ದೇವೆ. ಡಾಕ್ಟರ್ ಯಾರೂ ಇಲ್ಲ. ಆದರೂ ನಮ್ಮ ರೂಮಿನ ಒಂದು ಸಂಗತಿ ಹೇಳಲೇಬೇಕು.

ಕಳೆದ ವರ್ಷ ನಮ್ಮಲ್ಲಿ ಒಬ್ಬ ತಮ್ಮನಿಗೆ ಮೈ ತುರಿಕೆ ಶುರುವಾಯಿತು. ಬೆವರುಸಾಲೆ ಅಂದೆವು. ತಿಗಣೆ ಇರಬಹುದೆಂದು ಹಾಸಿಗೆ ಮಗುಚಿ ನೋಡಿದೆವು, ಸಿಗಲಿಲ್ಲ. ಆಮೇಲೆ ಊರಿಂದ ಬಂದವರ ಬ್ಯಾಗಿನಲ್ಲಿ ಒಂದು ಟ್ಯೂಬ್ ಬಂತು. ಹಚ್ಚಿದ. ಎರಡು ದಿನ ಆರಾಮ. ಮತ್ತೆ ಹೊಟ್ಟೆ, ತೊಡೆಗೆಲ್ಲ ಹಬ್ಬಿತು.

ತುರಿಕೆಗಿಂತ ಅವನಿಗೆ ಕೆಲಸ ಹೋಗುವ ಹೆದರಿಕೆ ದೊಡ್ಡದು. ಹೆಂಡತಿ ಬೋಟಿಮ್‌ನಲ್ಲಿ ಕಾಲ್ ಮಾಡಿದರೆ ನೆಟ್ ಸರಿಯಿಲ್ಲವೆಂದು ಕ್ಯಾಮರಾ ಮುಚ್ಚುತ್ತಿದ್ದ. ನಾವಾದರೂ ಧೈರ್ಯ ಹೇಳಿದೆವಾ? ಇಲ್ಲ. ಅವನ ಪ್ಲೇಟು, ಗ್ಲಾಸು ಬೇರೆ ಇಟ್ಟೆವು. ಬೇರೆ ರೂಮ್ ನೋಡಲಿ ಎಂದು ನಮ್ಮೊಳಗೆ ಮಾತೂ ಆಯಿತು. ಒಂದು ರಾತ್ರಿ ಅವನು ಬಾತ್‌ರೂಮಿನಲ್ಲಿ ಅಳುವುದು ಕೇಳಿದಾಗ ನಮಗೆ ನಮ್ಮ ಮೇಲೆಯೇ ನಾಚಿಕೆಯಾಯಿತು.

ಮರುದಿನ ನಾವಿಬ್ಬರು ಜೊತೆಗೆ ಹೋಗಿ ಕ್ಲಿನಿಕ್ಕಿನಲ್ಲಿ ತೋರಿಸಿದೆವು. ಮಾತ್ರೆ ಕೊಟ್ಟು ಚರ್ಮದ ಡಾಕ್ಟರಿಗೆ ಬರೆದುಕೊಟ್ಟರು. ಅಪಾಯಿಂಟ್‌ಮೆಂಟ್ ಸಿಕ್ಕಿದ್ದು 10 ದಿನ ಬಿಟ್ಟು.

ಆ 10 ದಿನ ಕಳೆಯುವುದೇ ಕಷ್ಟ. ಮೊದಲು ಟ್ಯೂಬ್ ಹಚ್ಚುವುದು ನಿಲ್ಲಿಸಿದೆವು, ಆದರೆ ಬಿಸಾಡಲಿಲ್ಲ. ಡಾಕ್ಟರಿಗೆ ತೋರಿಸಲು ಇಟ್ಟೆವು. ಲೆಕ್ಕದ ಪುಸ್ತಕದಂತೆ ಒಂದು ನೋಟ್‌ಬುಕ್ ಇಟ್ಟು ಯಾವ ದಿನ, ಮೈಯ ಯಾವ ಭಾಗ, ಹಗಲೋ ರಾತ್ರಿಯೋ, ಏನು ಮುಟ್ಟಿದ, ಏನು ತಿಂದ ಎಂದು ಬರೆದೆವು. ಮೊಬೈಲಿನಲ್ಲಿ ಫೋಟೋ ತೆಗೆದೆವು. ಉಗುರು ಕತ್ತರಿಸಿದ. ಬಿಸಿನೀರು ಬಿಟ್ಟು ತಣ್ಣೀರ ಬಟ್ಟೆ ಇಟ್ಟುಕೊಂಡ. ಸ್ನಾನದ ನೀರಿಗೆ ಡೆಟ್ಟಾಲ್ ಸುರಿಯುವುದು ಬಿಟ್ಟ. ಅದು ಚರ್ಮವನ್ನು ಇನ್ನೂ ಕೆರಳಿಸುತ್ತದೆ. ತುರಿಕೆಯ ಕೆಲವು ಮಾತ್ರೆಗಳಿಂದ ನಿದ್ದೆ ಬರುತ್ತದೆ. ಗಾಡಿ, ಫೋರ್ಕ್‌ಲಿಫ್ಟ್ ಓಡಿಸುವವರು ಡಾಕ್ಟರಿಗೆ ಮೊದಲೇ ಹೇಳಬೇಕು.

ಒಂದು ಎಚ್ಚರಿಕೆ: ಜ್ವರ, ಕೀವು, ಮುಖ ಅಥವಾ ತುಟಿ ಊತ, ಉಸಿರಾಟಕ್ಕೆ ಕಷ್ಟ, ಬಾಯಿಯಲ್ಲಿ ಗುಳ್ಳೆ ಕಂಡರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಕೂಡಲೇ ಎಮರ್ಜೆನ್ಸಿಗೆ ಹೋಗಿ.

ಚರ್ಮದ ಡಾಕ್ಟರ್ ಮೊದಲು ಕೇಳಿದ್ದೇ, "ಏನು ಹಚ್ಚಿದ್ದೀರಿ?" ಟ್ಯೂಬಿನಲ್ಲಿ ಸ್ಟೆರಾಯ್ಡ್ ಇತ್ತು. ಅದು ತುರಿಕೆಯನ್ನು ತಗ್ಗಿಸಿ ಕಾಯಿಲೆಯ ಗುರುತನ್ನೇ ಮರೆಮಾಚುತ್ತದೆ. ರಾತ್ರಿ ಜಾಸ್ತಿ, ಬೆರಳ ಸಂದು, ಸೊಂಟ ಎಂಬ ನಮ್ಮ ಬರಹ ನೋಡಿ ಪರೀಕ್ಷಿಸಿ, ಕಜ್ಜಿ ಎಂದರು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳದಿಂದ ಬರುವುದು, ಕೊಳಕಿನಿಂದಲ್ಲ. ಮೊದಲ ಸಲ ತಗಲಿದವರಿಗೆ ತುರಿಕೆ ಶುರುವಾಗಲು 2ರಿಂದ 6 ವಾರ ಬೇಕು. ಅಂದರೆ ಯಾರಿಂದ ಯಾರಿಗೆ ಬಂತೋ ಹೇಳಲಾಗದು. ಪ್ಲೇಟು ಬೇರೆ ಇಟ್ಟ ನಮ್ಮಿಂದಲೇ ಅವನಿಗೆ ಬಂದಿರಲೂಬಹುದು!

ಆರು ಮಂದಿಯೂ ಒಂದೇ ರಾತ್ರಿ ಮುಲಾಮು ಹಚ್ಚಿದೆವು, ವಾರದ ಬಳಿಕ ಮತ್ತೊಮ್ಮೆ. ಬಟ್ಟೆ, ಹೊದಿಕೆ ಬಿಸಿನೀರಿನಲ್ಲಿ ಒಗೆದೆವು. ಆಮೇಲೂ ಕೆಲವು ವಾರ ತುರಿಕೆ ಉಳಿಯಬಹುದೆಂದು ಡಾಕ್ಟರ್ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ.

ಎಲ್ಲ ತುರಿಕೆಯೂ ಕಜ್ಜಿಯಲ್ಲ. ಹುಳುಕಡ್ಡಿ, ಸಿಮೆಂಟಿನ ಅಲರ್ಜಿ, ಇನ್ನೇನೋ ಇರಬಹುದು. ಅದನ್ನು ಡಾಕ್ಟರ್ ಹೇಳಲಿ. ಊರಿನ ತಾಯಂದಿರೇ, ಪ್ರೀತಿಯಿಂದ ಟ್ಯೂಬ್ ಕಳಿಸಬೇಡಿ, "ಡಾಕ್ಟರಿಗೆ ತೋರಿಸಿದೆಯಾ ಮಗಾ?" ಎಂದು ಕೇಳಿ. ರೂಮಿನವರೇ, ಇವತ್ತು ರಾತ್ರಿ ಪಕ್ಕದ ಮಂಚದಲ್ಲಿ ಯಾರಾದರೂ ಕೆರೆದುಕೊಳ್ಳುತ್ತಿದ್ದರೆ ಪ್ಲೇಟು ಬೇರೆ ಇಡಬೇಡಿ. ನಾಳೆ ಜೊತೆಗೆ ಕ್ಲಿನಿಕ್ಕಿಗೆ ಹೋಗಿ.