ಸಮನೆಲದ ಆಟ

ಬಾಸ್ಕೆಟ್‌ಬಾಲ್ ಎತ್ತರದ ಆಳುಗಳ ಆಟವೆಂಬುದು ಸಾಮಾನ್ಯ ನಂಬಿಕೆ. ಚೆಂಡನ್ನು ಹಾಕಬೇಕಾದ ಬಳೆ ನೆಲದಿಂದ 10 ಅಡಿ ಮೇಲಿರುತ್ತದೆ. ಗಾಲಿಕುರ್ಚಿಯಲ್ಲಿ ಕುಳಿತು ಆಡುವವರಿಗಾಗಿ ಅದು ಒಂದಂಗುಲವೂ ಕೆಳಗಿಳಿಯುವುದಿಲ್ಲ. ಚೆಂಡು ಹಿಡಿದವನು ಗಾಲಿಯನ್ನು ಎರಡು ಸಲ ತಳ್ಳಿದ ಮೇಲೆ ಚೆಂಡನ್ನು ನೆಲಕ್ಕೆ ಪುಟಿಸಬೇಕು, ಇಲ್ಲವೆ ಬುಟ್ಟಿಗೋ ಜೊತೆಯವನಿಗೋ ಎಸೆಯಬೇಕು. ನಿಯಮದಲ್ಲಿ ಆದ ಮುಖ್ಯ ವ್ಯತ್ಯಾಸವೆಂದರೆ ಇದೇ.

ಈ ಆಟವು ಹುಟ್ಟಿದ್ದು ಎರಡನೆಯ ಮಹಾಯುದ್ಧದ ಬೆನ್ನಿಗೆ, ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ. ಅದಕ್ಕೆ ಹಿಂದಿನ ಯುದ್ಧದಲ್ಲಿ ಬೆನ್ನುಹುರಿ ಕಡಿದವರಲ್ಲಿ ಬಹುಮಂದಿ ಬದುಕುಳಿಯುತ್ತಿರಲಿಲ್ಲ. ಪೆನಿಸಿಲಿನ್ ಮುಂತಾದ ಹೊಸ ಔಷಧಿಗಳು ಇವರನ್ನು ಉಳಿಸಿಕೊಟ್ಟವು. ಉಳಿದವರು ಇಪ್ಪತ್ತು-ಇಪ್ಪತ್ತೈದರ ತರುಣರು. ಮುಂದಿನ ನಲವತ್ತು ವರ್ಷಗಳನ್ನು ಏನು ಮಾಡುವುದೆಂಬ ಪ್ರಶ್ನೆಗೆ ವೈದ್ಯರಲ್ಲಿ ಉತ್ತರವಿರಲಿಲ್ಲ.

ಸೈನಿಕರ ಓದಿಗೆ ಸರ್ಕಾರವೇನೋ ಹಣ ಕೊಡುತ್ತಿದ್ದಿತು. ಆದರೆ ಕಾಲೇಜುಗಳ ಬಾಗಿಲಿಗೆ ಮೆಟ್ಟಿಲುಗಳಿದ್ದವು. 1948ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯವು ಗೇಲ್ಸ್‌ಬರ್ಗ್ ಎಂಬ ಊರಿನಲ್ಲಿ, ಸೈನ್ಯದ ಆಸ್ಪತ್ರೆಯಾಗಿದ್ದ ಕಟ್ಟಡಗಳಲ್ಲಿ, ಇಂಥವರಿಗಾಗಿ ಒಂದು ವ್ಯವಸ್ಥೆಯನ್ನು ಆರಂಭಿಸಿತು. ಅದನ್ನು ವಹಿಸಿಕೊಂಡ ಟಿಮ್ ನ್ಯೂಜೆಂಟ್ ಆಗ ಇಪ್ಪತ್ತೈದರ ಆಸುಪಾಸಿನ ಯುವಕ. ಅವರು ಕಟ್ಟಿದ ತಂಡದ ಹೆಸರು 'ಗಿಜ್ ಕಿಡ್ಸ್'. ಅದೇ ವಿಶ್ವವಿದ್ಯಾಲಯದ ಹೆಸರಾಂತ 'ವಿಜ್ ಕಿಡ್ಸ್' ತಂಡದ ಹೆಸರನ್ನು ಅಣಕಿಸಿ ಇಟ್ಟದ್ದು. ತಮ್ಮನ್ನು ಕಂಡು ಮರುಗುವವರೆದುರು ಮೊದಲು ತಾವೇ ನಕ್ಕುಬಿಟ್ಟ ಆ ಹುಡುಗರ ಧೈರ್ಯ ನನಗೆ ಬಹಳ ಮೆಚ್ಚುಗೆ.

1949ರಲ್ಲಿ ಗೇಲ್ಸ್‌ಬರ್ಗಿನಲ್ಲಿಯೇ ಆರು ತಂಡಗಳ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆದು, ಆಟಕ್ಕೊಂದು ರಾಷ್ಟ್ರೀಯ ಸಂಘವೂ ಹುಟ್ಟಿತು. ಅದೇ ವರ್ಷ ರಾಜ್ಯವು ಆ ಆವರಣವನ್ನು ಮುಚ್ಚಲು ನಿರ್ಧರಿಸಿತು! ಗೆದ್ದವರಿಗೂ ಸೋತವರಿಗೂ ಸಮನಾಗಿದ್ದ ಅಂಗಣದ ನೆಲವನ್ನು ಬಿಟ್ಟು ಹೊರಬಿದ್ದರೆ ಓದುವುದಕ್ಕೆ ಜಾಗವಿಲ್ಲ. ವಿದ್ಯಾರ್ಥಿಗಳು ನ್ಯೂಜೆಂಟರೊಡನೆ ರಾಜಧಾನಿ ಸ್ಪ್ರಿಂಗ್‌ಫೀಲ್ಡಿಗೆ ಹೋಗಿ ಗಾಲಿಕುರ್ಚಿಗಳಲ್ಲಿಯೇ ಮೆರವಣಿಗೆ ನಡೆಸಿದರು. ಬಳಿಕ ಅರ್ಬಾನಾದ ಮುಖ್ಯ ಆವರಣಕ್ಕೆ ಬಂದು, ಕಟ್ಟಡಗಳ ಮೆಟ್ಟಿಲ ಮೇಲೆ ಮರದ ಹಲಗೆಗಳನ್ನು ಹಾಸಿ ತೋರಿಸಿದರು. ಭಾಷಣಕ್ಕಿಂತ ಹಲಗೆ ಹೆಚ್ಚು ಮಾತಾಡಿದ್ದಿರಬೇಕು. ಕೇವಲ ಪ್ರಯೋಗವೆಂದು ಹೇಳಿ, ಕೆಲವೇ ಮಂದಿಯನ್ನು ಅಲ್ಲಿ ಸೇರಿಸಿಕೊಂಡರು.

ಪ್ರಯೋಗವು ಮುಗಿಯಲೇ ಇಲ್ಲ. ಬಾಗಿಲುಗಳಿಗೆ ಇಳಿಜಾರು ಬಂದಿತು, ಕಾಲುದಾರಿಯ ಅಂಚುಗಳನ್ನು ಕಡಿದು ರಸ್ತೆಯ ಮಟ್ಟಕ್ಕೆ ಇಳಿಸಿದರು, ಕುರ್ಚಿಯನ್ನು ಮೇಲೆತ್ತಿಕೊಳ್ಳುವ ಬಸ್ಸುಗಳು ಓಡಿದವು. ತಂಡವು ಪ್ರದರ್ಶನ ಪಂದ್ಯಗಳಿಗಾಗಿ ಊರೂರು ತಿರುಗಿತು. ಆಟ ನೋಡಲು ಬಂದ ಜನ, ಇಷ್ಟು ಚುರುಕಾದವರು ಒಂದು ಅಂಚೆ ಕಚೇರಿಯನ್ನು ಹೊಗಲಾರರೇಕೆ ಎಂದು ಕೇಳಿಕೊಳ್ಳುವಂತಾಯಿತು.

ಉತ್ತರ ಕೊಡಬೇಕಾದರೆ ಅಳತೆ ಬೇಕು. ಕುರ್ಚಿ ಎಷ್ಟು ಅಗಲದ ಬಾಗಿಲಲ್ಲಿ ಹಾಯುತ್ತದೆ, ಎಷ್ಟು ಓರೆಯನ್ನು ಬರಿಯ ತೋಳ ಬಲದಿಂದ ಏರಬಹುದು ಎಂಬುದನ್ನು ನ್ಯೂಜೆಂಟರ ನೇತೃತ್ವದಲ್ಲಿ ಪರೀಕ್ಷಿಸಿ ನೋಡಿದರು. 1961ರಲ್ಲಿ ಅಮೆರಿಕದ ಮೊದಲ ಕಟ್ಟಡ-ಪ್ರವೇಶ ಮಾನಕವಾಗಿ ಅದು ಪ್ರಕಟವಾಯಿತು. ಕೆಲವೇ ಪುಟಗಳ ಹೊತ್ತಿಗೆ. ಬಾಗಿಲಿಗೆ 32 ಅಂಗುಲದ ತೆರಪು. ಇಳಿಜಾರಿನಲ್ಲಿ ಒಂದಡಿ ಏರಿಕೆಗೆ 12 ಅಡಿ ಉದ್ದ. 1968ರಲ್ಲಿ ಸರ್ಕಾರಿ ಕಟ್ಟಡಗಳಿಗೂ 1990ರಲ್ಲಿ ಹೆಚ್ಚು ವಿಸ್ತಾರವಾಗಿಯೂ ಕಾನೂನುಗಳು ಬಂದವು. ನ್ಯೂಜೆಂಟರು 2015ರಲ್ಲಿ ತೀರಿಕೊಂಡರು.

ಒಂದಕ್ಕೆ ಹನ್ನೆರಡು ಎಂಬ ಆ ಪ್ರಮಾಣ ನಮ್ಮ ದೇಶದ ಮಾರ್ಗಸೂಚಿಗಳಲ್ಲಿಯೂ ಇದೆ. ಲೆಕ್ಕ ಸುಲಭ. ಅರ್ಧ ಅಡಿಯ ಮೂರು ಮೆಟ್ಟಿಲುಗಳೆಂದರೆ ಒಂದೂವರೆ ಅಡಿ; ಇಳಿಜಾರು 18 ಅಡಿ ಚಾಚಿರಬೇಕು. ನಾಲ್ಕೈದು ಅಡಿಗಳಲ್ಲಿಯೇ ಮುಗಿದುಹೋದ ಇಳಿಜಾರುಗಳನ್ನು ಕೇಳುಗರು ತಮ್ಮ ಊರಿನ ಕಚೇರಿಗಳ ಮುಂದೆ ಕಂಡಿರಬಹುದು. ಅವುಗಳನ್ನು ಏರಬೇಕಾದರೆ ಹಿಂದಿನಿಂದ ಇಬ್ಬರು ನೂಕಬೇಕು.