ಹಂಬಲದ ಎದುರು ನಿಲ್ಲುವ ಅಭ್ಯಾಸ



ವ್ಯಸನಮುಕ್ತಿಯ ಕೆಲಸದಲ್ಲಿರುವವರ ಈ ವಿಚಾರ ಸಂಕಿರಣಕ್ಕೆ ಆಶಯದ ಮಾತುಗಳನ್ನಾಡಲು ಕರೆದಿದ್ದೀರಿ. ನಿಮ್ಮ ಮುಂದೆ ಒಂದೇ ಪ್ರಶ್ನೆ ಇಡುತ್ತೇನೆ. ವಾರ್ಡಿನಲ್ಲಿದ್ದಷ್ಟು ದಿನ ತೊಟ್ಟೂ ಮುಟ್ಟದೆ, ಮುಟ್ಟಬೇಕೆಂದೂ ಅನ್ನಿಸದೆ ಆರಾಮಾಗಿದ್ದ ವ್ಯಕ್ತಿ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಸಂಜೆಯೇ ಕುಡಿಯುವುದು ಯಾಕೆ? 'ಮನಸ್ಸು ಗಟ್ಟಿಯಿಲ್ಲ' ಎನ್ನುತ್ತಾರೆ ಮನೆಯವರು. 'ಪ್ರೇರಣೆ ಕಡಿಮೆ' ಎಂದು ನಾವು ಕೇಸ್ ಶೀಟಿನಲ್ಲಿ ಬರೆದು ಕೈತೊಳೆದುಕೊಳ್ಳುತ್ತೇವೆ. ಎರಡೂ ಆತನಿಗೆ ಮಾಡುವ ಅನ್ಯಾಯ.

ಇದಕ್ಕೆ ಉತ್ತರದ ಎಳೆ ಸಿಕ್ಕಿ ಬಹಳ ಕಾಲವಾಯಿತು. ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಮಾದಕ ವ್ಯಸನಿಗಳಿಗಾಗಿ 1935ರಲ್ಲಿ ಸರ್ಕಾರವೇ ಒಂದು ದೊಡ್ಡ ಸಂಸ್ಥೆ ತೆರೆದಿತ್ತು. ಅರ್ಧ ಆಸ್ಪತ್ರೆ, ಅರ್ಧ ಜೈಲು. ಅಲ್ಲಿ ಕೆಲಸ ಮಾಡುತ್ತಿದ್ದ ಅಬ್ರಹಾಂ ವಿಕ್ಲರ್ ಒಂದು ವಿಚಿತ್ರವನ್ನು ಗಮನಿಸಿದರು. ಅಫೀಮು ಜಾತಿಯ ಮಾದಕಗಳನ್ನು ಬಿಟ್ಟು ತಿಂಗಳುಗಳೇ ಕಳೆದವರು ಗುಂಪಿನಲ್ಲಿ ಕುಳಿತು ಹಳೆಯ ದಿನಗಳ ಮಾತೆತ್ತಿದರೆ ಸಾಕು, ಆಕಳಿಸತೊಡಗುತ್ತಿದ್ದರು. ಕಣ್ಣಲ್ಲಿ, ಮೂಗಲ್ಲಿ ನೀರು ಸುರಿಯುತ್ತಿತ್ತು. ದೇಹದಲ್ಲಿ ಮಾದಕದ ಲವಲೇಶವಿರಲಿಲ್ಲ, ಆದರೂ ಮಾದಕ ಬಿಟ್ಟಾಗ ಆಗುವ ಹಿಂಸೆಯ (ವಿತ್‌ಡ್ರಾವಲ್) ಲಕ್ಷಣಗಳು ಮರಳುತ್ತಿದ್ದವು. ಪಾವ್ಲೋವ್ ನಾಯಿಗಳಲ್ಲಿ ಕಂಡದ್ದನ್ನು ವಿಕ್ಲರ್ ಮನುಷ್ಯರಲ್ಲಿ ಕಂಡರು. ಜಾಗ, ವಾಸನೆ, ಹೊತ್ತು, ಗೆಳೆಯನ ದನಿ ಇವೆಲ್ಲ ಆ ಪದಾರ್ಥದೊಂದಿಗೆ ವರ್ಷಗಟ್ಟಲೆ ಹೆಣೆದುಕೊಂಡಿರುತ್ತವೆ. ಪದಾರ್ಥ ಹೋದರೂ ಹೆಣಿಗೆ ಉಳಿಯುತ್ತದೆ.

ಈ ಹೆಣಿಗೆ ಎಷ್ಟು ಬಿಗಿ ಎಂಬುದನ್ನು ಕೆನಡಾದ ಶೆಪರ್ಡ್ ಸೀಗಲ್ ಮತ್ತು ಸಂಗಡಿಗರು 1982ರಲ್ಲಿ ತೋರಿಸಿದರು. ಇಲಿಗಳಿಗೆ ದಿನದಿನಕ್ಕೂ ಹೆಚ್ಚಿಸುತ್ತಾ ಹೆರಾಯಿನ್ ಕೊಟ್ಟು ರೂಢಿ ಮಾಡಿಸಿ, ಕೊನೆಗೆ ಒಂದು ದೊಡ್ಡ ಡೋಸ್ ಕೊಟ್ಟರು. ಎಂದಿನ ಕೋಣೆಯಲ್ಲೇ ಅದನ್ನು ಪಡೆದ ಇಲಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಸತ್ತವು. ಹೊಸ ಜಾಗದಲ್ಲಿ ಪಡೆದವುಗಳಲ್ಲಿ ಸುಮಾರು ಮೂರನೇ ಎರಡು ಭಾಗ. ಡೋಸ್ ಅದೇ, ರೂಢಿಯೂ ಅಷ್ಟೇ, ಬದಲಾದದ್ದು ಕೋಣೆ ಮಾತ್ರ. ಮನುಷ್ಯರ ವಿಷಯದಲ್ಲಿ ಲೀ ರಾಬಿನ್ಸ್ ಅವರ ಅಧ್ಯಯನವಿದೆ. ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದ ಅಮೆರಿಕದ ಸೈನಿಕರಲ್ಲಿ ಐವರಲ್ಲಿ ಒಬ್ಬರಷ್ಟು ಮಂದಿ ಅಲ್ಲಿದ್ದಾಗ ಅಫೀಮು ಜಾತಿಯ ಮಾದಕಗಳಿಗೆ ದಾಸರಾಗಿದ್ದರು. ಅಂಥವರಲ್ಲಿ ಊರಿಗೆ ಮರಳಿದ ಮೊದಲ ವರ್ಷ ಮತ್ತೆ ದಾಸರಾದವರು ಶೇ. 5ರಷ್ಟು ಮಾತ್ರ. ಕಾರಣಗಳು ಹಲವಿರಬಹುದು, ಪರಿಸರ ಬದಲಾದದ್ದು ಅವುಗಳಲ್ಲಿ ದೊಡ್ಡದು. ನಮ್ಮ ರೋಗಿಗಳ ಪಾಡು ಇದಕ್ಕೆ ತೀರಾ ಉಲ್ಟಾ. ಅವರು ಆಸ್ಪತ್ರೆಯಲ್ಲಿ ಗುಣವಾಗಿ, ತಮ್ಮ ವಿಯೆಟ್ನಾಮಿಗೇ ವಾಪಸಾಗುತ್ತಾರೆ.

ವ್ಯಸನಕ್ಕೆ ಎಕ್ಸ್‌ಪೋಶರ್ ಥೆರಪಿ ಬಂದದ್ದು ಈ ಬಗೆಯ ತಿಳಿವಿನಿಂದ. ಭಯದ ಕಾಯಿಲೆಗಳಲ್ಲಿ ಅದು ನಮಗೆಲ್ಲ ಪರಿಚಿತ. ವ್ಯಸನದಲ್ಲಿ ಹೇಗೆ ಮಾಡುತ್ತೇವೆಂಬುದನ್ನು ಹೊಸಬರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೇಜಿನ ಮೇಲೆ ರೋಗಿ ದಿನವೂ ಕೊಳ್ಳುತ್ತಿದ್ದ ಬ್ರ್ಯಾಂಡಿನದೇ 90 ಎಂಎಲ್ ಟೆಟ್ರಾ ಪ್ಯಾಕ್, ಪ್ಲಾಸ್ಟಿಕ್ ಲೋಟ, ನೀರು, ಉಪ್ಪಿನಕಾಯಿ ಪ್ಯಾಕೆಟ್ ಇರುತ್ತವೆ. ಮೂಲೆ ಕತ್ತರಿಸಿ ಲೋಟಕ್ಕೆ ಸುರಿಯುವವರು ಅವರೇ. ಮೂಗಿನ ಹತ್ತಿರ ಹಿಡಿಯುತ್ತಾರೆ. 'ಸೊನ್ನೆಯಿಂದ ಹತ್ತರೊಳಗೆ ಹಂಬಲ ಈಗ ಎಷ್ಟಿದೆ ಹೇಳಿ?' ಎಂದು ಕೇಳುತ್ತೇವೆ. 'ಎಂಟು ಸಾರ್' ಎನ್ನುತ್ತಾರೆ. ಬಾಯಲ್ಲಿ ನೀರೂರಿರುತ್ತದೆ, ಅಂಗೈ ಬೆವರಿರುತ್ತದೆ. ಎದ್ದು ಹೋಗಲು ಬಿಡುವುದಿಲ್ಲ, ಮಾತು ಬೇರೆ ಕಡೆ ತಿರುಗಿಸುವುದೂ ಇಲ್ಲ. ಐದೈದು ನಿಮಿಷಕ್ಕೊಮ್ಮೆ ಅದೇ ಪ್ರಶ್ನೆ. ಎಂಟು ಒಂಬತ್ತಾಗಬಹುದು, ಆಮೇಲೆ ಏಳು, ಐದು, ಮೂರು. ಹಂಬಲ ಏರುತ್ತಲೇ ಹೋಗುತ್ತದೆ, ಕುಡಿದರಷ್ಟೇ ಇಳಿಯುತ್ತದೆ ಎಂದು ಇಷ್ಟು ವರ್ಷ ನಂಬಿದ್ದ ವ್ಯಕ್ತಿಯ ಕಣ್ಣೆದುರೇ ಅದು ತಾನಾಗಿ ಇಳಿಯುತ್ತದೆ. ಕೊನೆಗೆ ಲೋಟವನ್ನು ಸಿಂಕಿಗೆ ಚೆಲ್ಲುವವರೂ ಅವರೇ. ಆ ಹೊತ್ತಿನಲ್ಲಿ ಅವರ ಮುಖ ನೋಡಿದವರಿಗೆ ಈ ಚಿಕಿತ್ಸೆಯ ಮೇಲೆ ಪ್ರೀತಿ ಹುಟ್ಟದೆ ಇರದು.

ಆದರೆ ಪ್ರೀತಿಯೊಂದೇ ಸಾಲದು. ಸಿಂಥಿಯಾ ಕಾಂಕ್ಲಿನ್ ಮತ್ತು ಸ್ಟೀಫನ್ ಟಿಫನಿ 2002ರಲ್ಲಿ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದರು. ಈ ಚಿಕಿತ್ಸೆ ಫಲ ಕೊಡುತ್ತದೆ ಎನ್ನಲು ಸ್ಥಿರವಾದ ಪುರಾವೆ ಅವರಿಗೆ ಸಿಗಲಿಲ್ಲ. ಹಲವರು ಇದನ್ನು ಅಲ್ಲಿಗೇ ಕೈಬಿಟ್ಟರು. ನನ್ನ ದೃಷ್ಟಿಯಲ್ಲಿ ಅದು ಆತುರದ ತೀರ್ಮಾನ, ಏಕೆಂದರೆ ಸೋಲಿಗೆ ಕಾರಣವೂ ಅವರ ಆ ಲೇಖನದಲ್ಲೇ ಇತ್ತು. ವರ್ಮಾಂಟ್ ವಿಶ್ವವಿದ್ಯಾಲಯದ ಮಾರ್ಕ್ ಬೌಟನ್ ದಶಕಗಳಿಂದ ತೋರಿಸುತ್ತಾ ಬಂದ ಸಂಗತಿಯೇ ಆ ಕಾರಣ. ಇಂಥ ಅಭ್ಯಾಸದಿಂದ ಹಳೆಯ ಕಲಿಕೆ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸದೊಂದು ಕಲಿಕೆ ಬಂದು ಕೂರುತ್ತದೆ. ಆ ಹೊಸ ಕಲಿಕೆ ತಾನು ಹುಟ್ಟಿದ ಜಾಗಕ್ಕೇ ಅಂಟಿಕೊಳ್ಳುತ್ತದೆ. ಹಳೆಯದಕ್ಕೆ ಅಂಥ ಹಂಗಿಲ್ಲ, ಅದು ಎಲ್ಲೆಂದರಲ್ಲಿ ಏಳುತ್ತದೆ. ಕೆಲವು ವಾರ ಬಿಟ್ಟು ತಾನಾಗಿಯೂ ಏಳುತ್ತದೆ. ಹಾಗಾಗಿ ನಮ್ಮ ಕೋಣೆಯ ಮೇಜಿನ ಮುಂದೆ ಮೂರಕ್ಕೆ ಇಳಿದ ಹಂಬಲ, ಶನಿವಾರ ಸಂಜೆ ಬಟವಾಡೆ ಕೈಗೆ ಬಂದು, ಮೇಸ್ತ್ರಿಯ ಸ್ಕೂಟರಿನ ಹಿಂದೆ ಕೂತು ಅಂಗಡಿ ಮುಂದೆ ಹಾಯುವಾಗ ಮತ್ತೆ ಒಂಬತ್ತಾದರೆ ಆತನನ್ನು ದೂರುವ ಹಾಗಿಲ್ಲ. ಕಲಿಸಬೇಕಾದ ಜಾಗದಲ್ಲಿ ನಾವು ಕಲಿಸಿಲ್ಲ, ಅಷ್ಟೇ.

ಈ ಸಂಕಿರಣದಿಂದ ನಾನು ಬಯಸುವುದು ಇದರ ಚರ್ಚೆಯನ್ನೇ. ಅಭ್ಯಾಸ ಒಂದೇ ಕೋಣೆಯಲ್ಲಿ, ಒಂದೇ ಸಮಾಲೋಚಕರ ಎದುರು, ಬೆಳಗಿನ ಹನ್ನೊಂದು ಗಂಟೆಗೆ ಮುಗಿಯಬಾರದು. ಸಂಜೆ ಆಗಬೇಕು, ಬೀದಿಯಲ್ಲಿ ಆಗಬೇಕು, ಜೇಬಿನಲ್ಲಿ ದುಡ್ಡಿಟ್ಟುಕೊಂಡು ಆಗಬೇಕು. ಹೆಂಡತಿಯೊಂದಿಗೆ ಜಗಳವಾಡಿ ಬೇಸರದಲ್ಲಿದ್ದ ದಿನವೂ ಆಗಬೇಕು. ಜೊತೆಗೆ ಕೈಗೊಂದು ಉಪಾಯವೂ ಬೇಕು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಮೋಂಟಿ ಮತ್ತು ಡಮಾರಿಸ್ ರೋಸೆನೋ ಮಾಡಿದ್ದು ಇದನ್ನೇ. ಲೋಟದ ಮುಂದೆ ಸುಮ್ಮನೆ ಕೂರಿಸದೆ, ಹಂಬಲ ಏರಿದ ಕ್ಷಣದಲ್ಲೇ ಏನು ನೆನೆಯಬೇಕು, ಕರೆದವನಿಗೆ ಏನು ಹೇಳಬೇಕು, ಹತ್ತು ನಿಮಿಷ ಹೇಗೆ ಮುಂದೂಡಬೇಕು ಎಂಬುದನ್ನು ಅಲ್ಲೇ ಪದೇ ಪದೇ ಮಾಡಿಸಿದರು. ಬರೀ ಎದುರುಗೊಳ್ಳುವಿಕೆಗಿಂತ ಈ ಜೋಡಿ ಹೆಚ್ಚು ಭರವಸೆ ಮೂಡಿಸಿದೆ. ಫಲ ಅಪಾರವೆಂದು ಹೇಳಲಾರೆ; ಔಷಧ, ಕುಟುಂಬದ ಬೆಂಬಲ, ಸ್ವಸಹಾಯ ಗುಂಪು ಯಾವುದಕ್ಕೂ ಇದು ಬದಲಿಯಲ್ಲ, ಅವುಗಳ ಜೊತೆ ನಿಲ್ಲುತ್ತದೆ.

ಎರಡು ಎಚ್ಚರಿಕೆಯ ಮಾತು. ಕುಡಿತ ಬಿಟ್ಟಾಗಿನ ಹಿಂಸೆ ವೈದ್ಯರ ನಿಗಾದಲ್ಲಿ ಪೂರ್ತಿ ಇಳಿಯುವ ಮೊದಲು ಇದಕ್ಕೆ ಕೈಹಾಕಬಾರದು. ಮತ್ತು ಇದನ್ನು ಕೇಳಿಸಿಕೊಂಡ ರೋಗಿ 'ಪರೀಕ್ಷೆ ಮಾಡಿ ನೋಡೋಣ' ಎಂದು ಒಬ್ಬನೇ ಬಾರ್‌ಗೆ ಹೋಗುವಂತೆ ಆಗಬಾರದು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗಂತೂ ಒಂದು ಗುಟುಕೂ ಅಪಾಯ.

ಆಘಾತದ ನೆನಪುಗಳನ್ನು ಮರೆಯಲೆಂದೇ ಕುಡಿಯುವವರ ಕಥೆ ಬೇರೆ. 'ಮೊದಲು ಕುಡಿತ ಬಿಡಲಿ, ಆಮೇಲೆ ಆ ನೆನಪು ಕೆದಕೋಣ' ಎಂಬುದು ನಮ್ಮಲ್ಲಿ ಬೇರೂರಿದ ಪದ್ಧತಿ. ಆಸ್ಟ್ರೇಲಿಯಾದ ಕ್ಯಾಥರೀನ್ ಮಿಲ್ಸ್ ಮತ್ತು ತಂಡ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ನೀಡಲಾಯಿತು. ಆಘಾತದ ಲಕ್ಷಣಗಳು ಹೆಚ್ಚು ತಗ್ಗಿದವು, ವ್ಯಸನ ಉಲ್ಬಣಿಸಲಿಲ್ಲ. ಹೀಗಿರುವಾಗ ಇಂಥ ಹೆಣ್ಣುಮಕ್ಕಳನ್ನೂ ಗಂಡಸರನ್ನೂ ವರ್ಷಗಟ್ಟಲೆ ಕಾಯಿಸುವ ಹಕ್ಕು ನಮಗಿಲ್ಲ.

ನಮ್ಮ ದೇಶದ ಲೆಕ್ಕ ನಿಮಗೆ ಗೊತ್ತೇ ಇದೆ. 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ದೊಡ್ಡ ಕೇಂದ್ರವಿದೆ, ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರಗಳು ನಡೆಯುತ್ತಿವೆ. ಆ ಶಿಬಿರಗಳಿಗೆ ನಮಗಿಲ್ಲದ ಒಂದು ಅನುಕೂಲವಿದೆ. ಅವು ನಡೆಯುವುದು ರೋಗಿಯ ಊರಿನಲ್ಲೇ, ಆತ ದಿನವೂ ತಿರುಗುವ ಬೀದಿಗಳ ಪಕ್ಕದಲ್ಲೇ. ನಮ್ಮ ವಿಧಾನವನ್ನು ತಾಲ್ಲೂಕು ಆಸ್ಪತ್ರೆಯ ಸಮಾಲೋಚಕರಿಗೂ ಶಿಬಿರದ ಸ್ವಯಂಸೇವಕರಿಗೂ ಸರಳವಾಗಿ, ಸುರಕ್ಷಿತವಾಗಿ ಕಲಿಸಬಲ್ಲ ಕೈಪಿಡಿಯೊಂದು ಕನ್ನಡದಲ್ಲಿ ಬರಬೇಕು. ಈ ಸಭೆಯಲ್ಲಿ ಅದನ್ನು ಬರೆಯಬಲ್ಲವರಿದ್ದಾರೆ.

ನನ್ನ ಬೇಡಿಕೆ ಇಷ್ಟೇ. ಇನ್ನು ಮುಂದೆ ಯಾರ ಡಿಸ್ಚಾರ್ಜ್ ಕಾಗದಕ್ಕಾದರೂ ಸಹಿ ಹಾಕುವ ಮೊದಲು, ಆತ ಮನೆಗೆ ಹೋಗುವ ದಾರಿಯಲ್ಲಿ ಯಾವ ಅಂಗಡಿ ಸಿಗುತ್ತದೆ, ಅಲ್ಲಿ ಯಾರು ಕರೆಯುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ. ಸಾಧ್ಯವಾದರೆ ಒಂದು ಸಂಜೆ ಆ ದಾರಿಯಲ್ಲಿ ಅವರ ಜೊತೆ ನಡೆಯಿರಿ.